20,234 ಲೀಟರ್ ಮಳೆ, ಒಂದು ಸೊನ್ನೆ ಅಂಕ

ಕಳೆದ ಮಳೆಗಾಲದಲ್ಲಿ ಪಿಯು ಮಕ್ಕಳ ಆನ್‌ಲೈನ್ ಕ್ವಿಜ್‌ಗೆ ಒಂದು ಪ್ರಶ್ನೆ ಹಾಕಿದ್ದೆ. 'ಉಡುಪಿಯಲ್ಲಿ ಒಂದು ದಿನ 100 ಮಿ.ಮೀ. ಮಳೆ ಬಂತು. 5 ಸೆಂಟ್ಸ್ ಜಾಗದ ಮೇಲೆ ಬಿದ್ದ ನೀರು ಎಷ್ಟು?' ನಮ್ಮ ಊರಿನಲ್ಲಿ ಜಾಗ ಅಂದರೆ ಸೆಂಟ್ಸ್ ಲೆಕ್ಕ, ಮಳೆಗಂತೂ ಲೆಕ್ಕವೇ ಇಲ್ಲ. ಹವಾಮಾನ ಇಲಾಖೆ 64.5ರಿಂದ 115.5 ಮಿ.ಮೀ. ತನಕದ ಮಳೆಯನ್ನು 'ಭಾರಿ' ಎನ್ನುತ್ತದೆ. ಜುಲೈಯಲ್ಲಿ ಇಲ್ಲಿ ಅಂಥ ಮಳೆಗೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.

ಲೆಕ್ಕ ಸುಲಭ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ, ಹತ್ತಿರ ಹತ್ತಿರ 40.47 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹಾಗಾಗಿ 5 ಸೆಂಟ್ಸಿಗೆ 20,234 ಲೀಟರ್. ಉತ್ತರದ ಜಾಗದಲ್ಲಿ 20234 ಎಂದು ತುಂಬಿಸಿ ನಿಶ್ಚಿಂತೆಯಿಂದ ಮನೆಗೆ ಹೋದೆ.

ಮರುದಿನ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೊನ್ನೆ. ಮಧ್ಯಾಹ್ನ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸರ್, ನಂದು ಸರಿ ಉಂಟಲ್ಲ, ಸೊನ್ನೆ ಎಂತಕ್ಕೆ?" ಅವನು ಬರೆದದ್ದು '20.23 ಘನ ಮೀಟರ್'. ಪೂರ್ತಿ ಸರಿ. ಉಳಿದವರ ಉತ್ತರಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. '20,234'. '20234 ಲೀ'. '20235'. '20250'. '2.02×10^4'. '20.2'. ಒಬ್ಬಳು ಕನ್ನಡ ಅಂಕಿಯಲ್ಲೇ '೨೦೨೩೪' ಎಂದು ಬರೆದಿದ್ದಳು. '20000' ಎಂದು ಬರೆದವರಿದ್ದರು. '2023.4' ಮತ್ತು '217800' ಎಂದು ಬರೆದವರೂ ಇದ್ದರು, ಈ ಎರಡು ಮಾತ್ರ ನಿಜವಾಗಿ ತಪ್ಪು. ಯಂತ್ರ ಎಲ್ಲರಿಗೂ ಒಂದೇ ಸೊನ್ನೆ ಹಂಚಿತ್ತು.

ತಪ್ಪು ಮಕ್ಕಳದ್ದಲ್ಲ. ಪೂರ್ತಿಯಾಗಿ ತಂತ್ರಾಂಶದ್ದೂ ಅಲ್ಲ. ನಾನು ಒಂದು ಭೌತ ಪರಿಮಾಣವನ್ನು ಕೇಳಿದ್ದೆ, ಉತ್ತರವಾಗಿ ಐದು ಅಂಕಿಗಳ ಒಂದು ಸಾಲನ್ನು ಕೊಟ್ಟಿದ್ದೆ. ಪರಿಮಾಣದಲ್ಲಿ ಮೂರು ಸಂಗತಿ ಇರುತ್ತದೆ: ಸಂಖ್ಯೆ, ಏಕಮಾನ, ಮತ್ತು ಆ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು. ಕೆಂಪು ಪೆನ್ನು ಹಿಡಿದ ಮೇಷ್ಟ್ರು ಈ ಮೂರನ್ನೂ ಒಂದೇ ನೋಟದಲ್ಲಿ ತೂಗುತ್ತಾರೆ, ತೂಗುತ್ತಿದ್ದೇನೆ ಎಂದು ಅವರಿಗೇ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಅದನ್ನು ಬಿಡಿಸಿ ಹೇಳಬೇಕು.

ಮೊದಲು ಓದಲು ಕಲಿಯಬೇಕು

ಹುಡುಗ ಟೈಪ್ ಮಾಡಿದ್ದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಅದನ್ನು ಸಂಖ್ಯೆಯಾಗಿ ಓದಿಕೊಳ್ಳುವ ಹೆಜ್ಜೆಯಲ್ಲೇ ಅರ್ಧ ಜಗಳ ಮುಗಿಯುತ್ತದೆ, ಇಲ್ಲವೇ ಶುರುವಾಗುತ್ತದೆ.

ಅಲ್ಪವಿರಾಮವನ್ನೇ ತೆಗೆದುಕೊಳ್ಳಿ. ನಾವು 2,02,343 ಎಂದು ಲಕ್ಷದ ಲೆಕ್ಕದಲ್ಲಿ ಬರೆಯುತ್ತೇವೆ. ಅಮೆರಿಕದವರು ಮೂರು ಮೂರು ಅಂಕಿಗೆ ಬಿಡಿಸುತ್ತಾರೆ. ಜರ್ಮನಿಯಲ್ಲಿ ಅಲ್ಪವಿರಾಮವೇ ದಶಮಾಂಶ ಬಿಂದು. ನಮ್ಮ 20,234 ಅನ್ನು ಜರ್ಮನ್ ರೀತಿಯಲ್ಲಿ ಓದಿದರೆ 20.234 ಆಗುತ್ತದೆ. ಅದು ಘನ ಮೀಟರಿನಲ್ಲಿ ಅದೇ ಉತ್ತರ ಎಂಬುದು ತಮಾಷೆಯ ಕಾಕತಾಳೀಯ, ಎಲ್ಲ ಲೆಕ್ಕದಲ್ಲೂ ಇಂಥ ಅದೃಷ್ಟ ಇರುವುದಿಲ್ಲ.

ಕನ್ನಡ ಅಂಕಿಯ ಕಥೆ ಇನ್ನೂ ಸ್ವಾರಸ್ಯ. ಪೈಥಾನ್ ಭಾಷೆಗೆ '೯.೮' ಎಂದು ಕೊಟ್ಟರೆ ಅದು ಮರುಮಾತಿಲ್ಲದೆ 9.8 ಎಂದು ಓದಿಕೊಳ್ಳುತ್ತದೆ. ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಅದನ್ನೇ 'ಸಂಖ್ಯೆಯೇ ಅಲ್ಲ' ಎಂದು ತಳ್ಳುತ್ತದೆ. ಇನ್ನು ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅನುಸ್ವಾರವನ್ನು ನಾವು ಕರೆಯುವುದೂ ಸೊನ್ನೆ ಎಂದೇ! ಕಂಪ್ಯೂಟರಿಗೆ ಅವೆರಡು ಬೇರೆ ಬೇರೆ ಸಂಕೇತ. ಮೈನಸ್ ಚಿಹ್ನೆಗೂ ಇದೇ ಪಾಡು: ಕೀಲಿಮಣೆಯ ಅಡ್ಡಗೆರೆ ಒಂದು, ಗಣಿತದ ಋಣ ಚಿಹ್ನೆ ಇನ್ನೊಂದು, ವರ್ಡ್ ಕಡತದಿಂದ ನಕಲು ಮಾಡಿ ಅಂಟಿಸಿದರೆ ಬರುವ ಉದ್ದ ಗೆರೆ ಮತ್ತೊಂದು. 'ಮೈಕ್ರೋ' ಸೂಚಿಸುವ ಗ್ರೀಕ್ ಅಕ್ಷರ ಮ್ಯೂಗೆ ಯೂನಿಕೋಡಿನಲ್ಲಿ ಎರಡು ಜಾಗ ಇದೆ. ಓಮ್ ಚಿಹ್ನೆಗೂ ಎರಡು. ಇದನ್ನೆಲ್ಲ ಒಂದೇ ರೂಪಕ್ಕೆ ತರುವುದು ತಂತ್ರಾಂಶದ ಕೆಲಸ, ವಿದ್ಯಾರ್ಥಿಯದ್ದಲ್ಲ. ಯಾವ ಕೀಲಿ ಒತ್ತಿದ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಅಂಕ ಕಳೆಯುವುದು ಅನ್ಯಾಯ.

ಮೊಬೈಲಿನಲ್ಲಿ ಬರೆಯುವ ಮಕ್ಕಳ ಗೋಳು ಬೇರೆಯೇ. ಏಕಮಾನಕ್ಕೆ ಪ್ರತ್ಯೇಕ ಚೌಕ ಕೊಟ್ಟರೆ ಫೋನು ಅದನ್ನು ಹೊಸ ವಾಕ್ಯ ಎಂದು ತಿಳಿದು ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಎರಡು ಸಣ್ಣ 'ಎಂ' ಬರೆದರೆ ಮಿಲಿಮೀಟರ್. ಮೊದಲಿನದು ದೊಡ್ಡದಾದರೆ ಮೆಗಾಮೀಟರ್. ಹುಡುಗಿ ಬರೆದದ್ದಕ್ಕೂ ಯಂತ್ರ ಓದಿದ್ದಕ್ಕೂ ನೂರು ಕೋಟಿ ಪಟ್ಟು ಅಂತರ! ಸಂಖ್ಯೆಗಾಗಿಯೇ ಇರುವ ಚೌಕಗಳೂ ಕಡಿಮೆಯಲ್ಲ. ಕೆಲವು ಫೋನ್‌ಗಳಲ್ಲಿ ತೆರೆಯುವ ಅಂಕಿಗಳ ಕೀಲಿಮಣೆಯಲ್ಲಿ ಮೈನಸ್ಸೇ ಇರುವುದಿಲ್ಲ. ಕಂಪ್ಯೂಟರಿನಲ್ಲಾದರೆ ಪುಟ ಸರಿಸಲು ಮೌಸ್ ಚಕ್ರ ತಿರುಗಿಸಿದಾಗ ಬರೆದ ಸಂಖ್ಯೆಯೇ ಮೆಲ್ಲಗೆ ಬದಲಾಗಿಬಿಡಬಹುದು. ಬ್ರಿಟನ್ ಸರ್ಕಾರದ ಜಾಲತಾಣಗಳ ವಿನ್ಯಾಸ ತಂಡ ಇಂಥ ಕಾರಣಗಳಿಗಾಗಿಯೇ 2020ರಲ್ಲಿ ಆ ಬಗೆಯ ಚೌಕವನ್ನು ಬಿಟ್ಟು, ಸಾಮಾನ್ಯ ಪಠ್ಯದ ಚೌಕಕ್ಕೆ ಅಂಕಿಗಳ ಕೀಲಿಮಣೆ ಜೋಡಿಸುವ ದಾರಿ ಹಿಡಿಯಿತು.

ನನ್ನ ಕಣ್ಣಲ್ಲಿ ಇದಕ್ಕೆಲ್ಲ ಒಂದೇ ಒಂದು ಒಳ್ಳೆಯ ಮದ್ದು ಇದೆ: ಅಂಕ ಕೊಡುವ ಮೊದಲು 'ನೀನು ಬರೆದದ್ದು ನನಗೆ ಹೀಗೆ ಅರ್ಥವಾಯಿತು' ಎಂದು ತೋರಿಸುವುದು. ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶ ಹೀಗೆ ಮಾಡುತ್ತದೆ. ಗಣಿತದ ಮೇಷ್ಟ್ರಾದ ಕ್ರಿಸ್ ಸ್ಯಾಂಗ್ವಿನ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಇದ್ದಾಗ ಶುರುಮಾಡಿದ್ದು ಅದು, ಒಳಗೆ ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶ ಓಡುತ್ತದೆ. ವಿದ್ಯಾರ್ಥಿ ಟೈಪ್ ಮಾಡುತ್ತಿದ್ದಂತೆ ಕೆಳಗೆ ಅಚ್ಚಿನ ರೂಪದಲ್ಲಿ ಅದೇ ಉತ್ತರ ಮೂಡುತ್ತದೆ. ಮಿಲಿಮೀಟರ್ ಹೋಗಿ ಮೆಗಾಮೀಟರ್ ಆದದ್ದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಅರ್ಥವಾಗದ್ದನ್ನು ಬರೆದರೆ 'ಇದು ನನಗೆ ತಿಳಿಯಲಿಲ್ಲ' ಎಂದು ವಾಪಸು ಕೊಡುತ್ತದೆ, ತಪ್ಪು ಎಂದು ಎಣಿಸುವುದಿಲ್ಲ. ತಿಳಿಯದೇ ಹೋದದ್ದಕ್ಕೂ ತಪ್ಪಿದ್ದಕ್ಕೂ ನಡುವಿನ ಈ ಗೆರೆ ಇಲ್ಲದ ಕ್ವಿಜ್ ತಂತ್ರಾಂಶವನ್ನು ನಾನು ಈಗ ನಂಬುವುದಿಲ್ಲ.

ಏಳು ಗುಳಿಯ ಮಣೆ

ಸಂಖ್ಯೆ ಓದಿಯಾಯಿತು. ಈಗ '20.23 ಘನ ಮೀಟರ್' ಮತ್ತು '20,234 ಲೀಟರ್' ಒಂದೇ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ತುಳುನಾಡಿನವರಿಗೆ ಇದನ್ನು ಹೇಳಿಕೊಡಲು ಚೆನ್ನೆಮಣೆಗಿಂತ ಒಳ್ಳೆಯ ಸಾಧನ ಇಲ್ಲ. ಆಟಿ ತಿಂಗಳಲ್ಲಿ ಹೊರಗೆ ಮಳೆ ಹೊಯ್ಯುವಾಗ ಅಜ್ಜಿ ಅಟ್ಟದಿಂದ ಇಳಿಸುತ್ತಿದ್ದ, ಗುಳಿಗಳಿಗೆ ಕಾಯಿ ಹಾಕಿ ಆಡುವ ಮಣೆ. ಈಚೆ ಏಳು ಗುಳಿ, ಆಚೆ ಏಳು ಗುಳಿ. ಅಂತರರಾಷ್ಟ್ರೀಯ ಮಾನ ಪದ್ಧತಿಯಲ್ಲೂ ಮೂಲ ಏಕಮಾನಗಳು ಏಳೇ: ಮೀಟರ್, ಕಿಲೋಗ್ರಾಂ, ಸೆಕೆಂಡ್, ಆಂಪಿಯರ್, ಕೆಲ್ವಿನ್, ಮೋಲ್, ಕ್ಯಾಂಡೆಲಾ. ಒಂದೊಂದಕ್ಕೆ ಒಂದೊಂದು ಗುಳಿ ಎಂದುಕೊಳ್ಳಿ. ಭಿನ್ನರಾಶಿಯ ಮೇಲೆ ಬರುವುದನ್ನು ಈಚೆ ಸಾಲಿನಲ್ಲಿ ಹಾಕಿ, ಕೆಳಗೆ ಬರುವುದನ್ನು ಆಚೆ ಸಾಲಿನಲ್ಲಿ ಹಾಕಿ.

ವೇಗಕ್ಕೆ ಈಚೆಯ ಮೀಟರ್ ಗುಳಿಯಲ್ಲಿ ಒಂದು ಕಾಯಿ, ಆಚೆಯ ಸೆಕೆಂಡ್ ಗುಳಿಯಲ್ಲಿ ಒಂದು. ನ್ಯೂಟನ್ ಎಂದರೆ ಈಚೆ ಕಿಲೋಗ್ರಾಂ ಒಂದು, ಮೀಟರ್ ಒಂದು, ಆಚೆ ಸೆಕೆಂಡ್ ಗುಳಿಯಲ್ಲಿ ಎರಡು. ಎರಡು ಏಕಮಾನಗಳನ್ನು ಗುಣಿಸುವುದೆಂದರೆ ಎರಡೂ ಮಣೆಯ ಕಾಯಿಗಳನ್ನು ಒಂದೇ ಮಣೆಗೆ ಸುರಿಯುವುದು. ಎದುರು ಬದುರು ಗುಳಿಯಲ್ಲಿ ಕಾಯಿ ಬಿದ್ದರೆ ಎರಡನ್ನೂ ಎತ್ತಿಬಿಡುವುದು. ಭಾಗಿಸಬೇಕಾದರೆ ಎರಡನೆಯ ಮಣೆಯನ್ನು ತಿರುಗಿಸಿ ಇಟ್ಟು ಸುರಿದರಾಯಿತು.

ಕಂಪ್ಯೂಟರು ಇಟ್ಟುಕೊಳ್ಳುವುದೂ ಇದನ್ನೇ: ಪ್ರತಿ ಏಕಮಾನಕ್ಕೆ ಒಂದು ಮಣೆ, ಜೊತೆಗೆ ಒಂದು ಗುಣಕ. ಲೀಟರಿನ ಮಣೆಯಲ್ಲಿ ಮೀಟರ್ ಗುಳಿಗೆ ಮೂರು ಕಾಯಿ, ಗುಣಕ 0.001. ಘನ ಮೀಟರಿಗೆ ಅದೇ ಮೂರು ಕಾಯಿ, ಗುಣಕ 1. ಮೊದಲು ಮಣೆಗಳನ್ನು ಹೋಲಿಸಬೇಕು. ಕಾಯಿ ಹೊಂದದಿದ್ದರೆ ಹುಡುಗ ಬೇರೆ ಏನನ್ನೋ ಅಳೆದಿದ್ದಾನೆ, ಸಂಖ್ಯೆ ನೋಡುವ ಅಗತ್ಯವೇ ಇಲ್ಲ. ಹೊಂದಿದರೆ ಗುಣಕದಿಂದ ಗುಣಿಸಿ, ಸಂಖ್ಯೆ ಹೋಲಿಸಿದರೆ ಸಾಕು.

ಊರಿನ ಏಕಮಾನಗಳನ್ನೂ ಹೀಗೆ ಸೇರಿಸಬಹುದು. ಒಂದು ಅಟ್ಟೆ ಮಲ್ಲಿಗೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಹೂವು. ಹಾಗಾಗಿ ಅಟ್ಟೆಯ ಗುಣಕ 3,200, ಮಣೆ ಪೂರ್ತಿ ಖಾಲಿ, ಯಾಕೆಂದರೆ ಅದು ಬರೀ ಎಣಿಕೆ. ಚಿನ್ನದ ಪವನಿಗೆ 8 ಗ್ರಾಂ. ಶಂಕರಪುರದಲ್ಲಿ ಹೂ ಕಟ್ಟುವವರು ದಿನವೂ ಮಾಡುವ ಲೆಕ್ಕವನ್ನು ತಂತ್ರಾಂಶಕ್ಕೆ ಹೇಳಿಕೊಡಲು ಒಂದು ಸಾಲು ಸಾಕು.

ಆದರೆ ಮಣೆಗೂ ಮಿತಿ ಉಂಟು. ತಿರುಗುಬಲವನ್ನು (ಟಾರ್ಕ್) ನ್ಯೂಟನ್-ಮೀಟರಿನಲ್ಲಿ ಅಳೆಯುತ್ತೇವೆ, ಶಕ್ತಿಯನ್ನು ಜೂಲ್‌ನಲ್ಲಿ. ಎರಡರ ಮಣೆಯಲ್ಲೂ ಕಾಯಿಗಳು ಒಂದೇ ರೀತಿ ಬೀಳುತ್ತವೆ. ತಿರುಗುಬಲಕ್ಕೆ ಜೂಲ್ ಎಂದು ಬರೆದವಳನ್ನು ಮಣೆ ಹಿಡಿಯಲಾರದು. ರೇಡಿಯನ್‌ಗೆ ಗುಳಿಯೇ ಇಲ್ಲ. ಇಂಥ ಕಡೆ ಮೇಷ್ಟ್ರು 'ಈ ಪ್ರಶ್ನೆಗೆ ಈ ಹೆಸರನ್ನೇ ಒಪ್ಪು' ಎಂದು ಬಿಗಿ ಮಾಡಬೇಕು. ಸ್ಟ್ಯಾಕ್‌ನಲ್ಲಿ ಎರಡೂ ದಾರಿ ಇವೆ: ಸಮಾನ ಏಕಮಾನ ಏನೇ ಬಂದರೂ ಒಪ್ಪುವ ಪರೀಕ್ಷೆ, ಹೇಳಿದ ಏಕಮಾನವೇ ಬೇಕು ಎನ್ನುವ ಕಟ್ಟುನಿಟ್ಟಿನ ಪರೀಕ್ಷೆ.

ಏಕಮಾನ ಓದುವಾಗಿನ ಒಂದು ಬಲೆಯನ್ನು ಇಲ್ಲಿ ಹೇಳಲೇಬೇಕು. ಪಠ್ಯಪುಸ್ತಕದಲ್ಲಿ ವೇಗದ ಏಕಮಾನವನ್ನು 'ಎಂ' ಬರೆದು, ಸ್ವಲ್ಪ ಜಾಗ ಬಿಟ್ಟು, 'ಎಸ್' ತಲೆಯ ಮೇಲೆ ಮೈನಸ್ ಒಂದು ಇಟ್ಟು ಅಚ್ಚು ಹಾಕಿರುತ್ತಾರೆ. ಟೈಪ್ ಮಾಡುವಾಗ ಆ ಜಾಗವನ್ನು ಯಾರು ಬಿಡುತ್ತಾರೆ? ಎರಡೂ ಅಕ್ಷರ ಅಂಟಿಕೊಂಡ ಕೂಡಲೇ ಅದು ಮಿಲಿಸೆಕೆಂಡ್. ಮೈನಸ್ ಒಂದು ಸೇರಿ 'ಪ್ರತಿ ಮಿಲಿಸೆಕೆಂಡಿಗೆ' ಎಂದಾಗುತ್ತದೆ, ಅಂದರೆ ಆವೃತ್ತಿ. ನಿಯಮದ ಪ್ರಕಾರ ಯಂತ್ರದ ಓದು ಸರಿ. ಆದರೂ ವೇಗ ಕೇಳಿದ ಪ್ರಶ್ನೆಗೆ ಹೀಗೆ ಬರೆದವನ ಮನಸ್ಸಿನಲ್ಲಿ ಆವೃತ್ತಿ ಇತ್ತು ಎಂದು ನಾನು ಒಪ್ಪುವುದಿಲ್ಲ. ಇದನ್ನು ಸಮಾನ ರೂಪ ಎಂದು ಮೊದಲೇ ಪಟ್ಟಿಗೆ ಸೇರಿಸಿಡುವುದು ಒಳ್ಳೆಯದು. 'ಕಿ.ಮೀ.', 'ಕಿಮೀ', 'ಕಿ ಮೀ' ಮೂರನ್ನೂ ಹಾಗೆಯೇ.

ಏಕಮಾನವನ್ನು ಆಯ್ಕೆ ಪಟ್ಟಿಯಲ್ಲಿ ಕೊಟ್ಟರೆ ಈ ರಗಳೆಯೇ ಇಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಪಟ್ಟಿಯಲ್ಲಿ ಲೀಟರ್, ವೋಲ್ಟ್, ಕೆಲ್ವಿನ್ ಇಟ್ಟರೆ ಉತ್ತರವನ್ನು ಕೈಗೆ ಕೊಟ್ಟ ಹಾಗೆ. ಲೀಟರ್, ಘನ ಮೀಟರ್, ಚದರ ಮೀಟರ್, ಘನ ಸೆಂಟಿಮೀಟರ್ ಇಡಬೇಕು. ಆಗ ಹುಡುಗ ತನ್ನ ಸಂಖ್ಯೆಗೆ ಯಾವುದು ಹೊಂದುತ್ತದೆ ಎಂದು ಯೋಚಿಸಲೇಬೇಕಾಗುತ್ತದೆ.

ಎಷ್ಟು ಆಚೀಚೆ?

20,235 ಬಂದದ್ದು ಸೆಂಟ್ಸನ್ನು 40.47 ಎಂದು ಹಿಡಿದವರಿಂದ. 40.5 ಎಂದು ಹಿಡಿದರೆ 20,250. ಚದರ ಅಡಿಯಿಂದ ಹೊರಟು 0.093ರಿಂದ ಗುಣಿಸಿದವರಿಗೆ 20,255. 'ಸುಮಾರು 40' ಎಂದು ಮನೆಯಲ್ಲಿ ಅಪ್ಪ ಹೇಳಿದ್ದನ್ನು ನಂಬಿದವರಿಗೆ 20,000. ಇವರಲ್ಲಿ ಯಾರಿಗೂ ವಿಷಯ ತಿಳಿಯದೇ ಇಲ್ಲ.

ಉತ್ತರದ ಜೊತೆಗೆ 'ಇಷ್ಟು ಆಚೀಚೆ ಆದರೂ ಸರಿ' ಎಂದು ಒಂದು ಅಳತೆ ಕೊಡಬೇಕು, ಟಾಲರೆನ್ಸ್ ಎನ್ನುವುದು ಅದನ್ನೇ. ಹೆಚ್ಚಿನ ಮೇಷ್ಟ್ರುಗಳು ಇದನ್ನು ಉದಾರತೆಯ ಪ್ರಶ್ನೆ ಎಂದುಕೊಂಡಿದ್ದಾರೆ. ಕಟ್ಟುನಿಟ್ಟಿನವರು ಸೊನ್ನೆ ಇಡುತ್ತಾರೆ, ಮೆದು ಮನಸ್ಸಿನವರು ಶೇ. 5 ಇಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಲೆಕ್ಕ ಹಾಕಿ ಇಡಬೇಕಾದ ಸಂಖ್ಯೆ. ಸರಿಯಾದ ದಾರಿಯಲ್ಲಿ ಹೋದವರೆಲ್ಲ ಎಲ್ಲೆಲ್ಲಿ ಮುಟ್ಟಬಹುದು ಎಂದು ಮೊದಲು ನೋಡಬೇಕು, ಆಚೀಚೆ ಅದಕ್ಕಿಂತ ದೊಡ್ಡದಿರಬೇಕು. ಆಮೇಲೆ ಅತಿ ಹತ್ತಿರದ ತಪ್ಪು ಉತ್ತರ ಎಲ್ಲಿದೆ ಎಂದು ನೋಡಬೇಕು, ಆಚೀಚೆ ಅಲ್ಲಿಗೆ ಮುಟ್ಟಬಾರದು.

ನನ್ನ ಮಳೆ ಲೆಕ್ಕದಲ್ಲಿ ಸರಿ ಉತ್ತರಗಳು 20,000ದಿಂದ 20,255ರ ನಡುವೆ ಬೀಳುತ್ತವೆ. 20,000 ಸರಿ ಉತ್ತರಕ್ಕಿಂತ ಶೇ. 1.2ರಷ್ಟು ಕಡಿಮೆ. ಹತ್ತಿರದ ತಪ್ಪು ಎಂದರೆ 2,023 ಅಥವಾ 2,02,343, ಎರಡೂ ಮೈಲು ದೂರ. ಹಾಗಾಗಿ ಶೇ. 2 ಇಟ್ಟಿದ್ದರೆ ಯಾವ ಅಪಾಯವೂ ಇರಲಿಲ್ಲ. ನನ್ನ ಕಟ್ಟುನಿಟ್ಟಿನಿಂದ ಯಾರಿಗೂ ಏನೂ ಸಿಗಲಿಲ್ಲ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಇಂದ್ರಾಳಿಯ ಹತ್ತಿರ ಹಾದುಹೋಗುವ ರೈಲು ಹಳಿಯ 10 ಮೀಟರ್ ತುಂಡು ತೆಗೆದುಕೊಳ್ಳಿ. ಬಿಸಿಲಿಗೆ 30 ಡಿಗ್ರಿ ಏರಿದರೆ ಉಕ್ಕು ಹಿಗ್ಗಿ 10.0036 ಮೀಟರ್ ಆಗುತ್ತದೆ. 'ಈಗ ಉದ್ದ ಎಷ್ಟು?' ಎಂದು ಕೇಳಿ ಶೇ. 1 ಆಚೀಚೆ ಬಿಟ್ಟರೆ, ಏನೂ ಲೆಕ್ಕ ಮಾಡದೆ '10' ಎಂದು ಬರೆದವನಿಗೂ ಪೂರ್ತಿ ಅಂಕ. ಶೇ. 1 ಅಂದರೆ ಇಲ್ಲಿ 10 ಸೆಂಟಿಮೀಟರ್, ಹಿಗ್ಗಿದ್ದು 3.6 ಮಿಲಿಮೀಟರ್. ಆಚೀಚೆಯನ್ನು ಎಷ್ಟು ತಿದ್ದಿದರೂ ಈ ಪ್ರಶ್ನೆ ನೆಟ್ಟಗಾಗದು. 'ಎಷ್ಟು ಹಿಗ್ಗಿತು?' ಎಂದು ಕೇಳಬೇಕು.

ಶೇಕಡಾ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಉತ್ತರವೇ ಸೊನ್ನೆಯಾದರೆ ಸೊನ್ನೆಯ ಶೇ. 5 ಕೂಡ ಸೊನ್ನೆ. ತಾಪಮಾನದಲ್ಲಿ ಇನ್ನೂ ವಿಚಿತ್ರ. 27 ಡಿಗ್ರಿ ಸೆಲ್ಸಿಯಸ್‌ಗೆ ಶೇ. 5 ಎಂದರೆ ಒಂದೂಕಾಲು ಡಿಗ್ರಿ ಚಿಲ್ಲರೆ. ಅದೇ ತಾಪವನ್ನು 300.15 ಕೆಲ್ವಿನ್ ಎಂದು ಬರೆದರೆ ಶೇ. 5 ಎಂದರೆ 15 ಡಿಗ್ರಿ. ಕೆಲ್ವಿನ್‌ನಲ್ಲಿ ಬರೆದವರಿಗೆ ಹನ್ನೊಂದು ಪಟ್ಟು ರಿಯಾಯಿತಿ! ಸೆಲ್ಸಿಯಸ್ಸಿನ ಸೊನ್ನೆ ನಿಜವಾದ ಸೊನ್ನೆಯಲ್ಲ, ನೀರು ಹೆಪ್ಪುಗಟ್ಟುವ ಜಾಗಕ್ಕೆ ನಾವು ಇಟ್ಟ ಗುರುತು. ಇಂಥ ಕಡೆ ಶೇಕಡಾ ಬಿಟ್ಟು 'ಅರ್ಧ ಡಿಗ್ರಿ ಆಚೀಚೆ' ಎಂದು ನೇರವಾಗಿ ಹೇಳುವುದೇ ಸರಿ. ಸೆಲ್ಸಿಯಸ್ಸಿಗೆ ಬರೀ ಗುಣಕವೂ ಸಾಲದು, 273.15 ಕೂಡಿಸಬೇಕು. ತಾಪದ ವ್ಯತ್ಯಾಸ ಕೇಳಿದ್ದರೆ ಕೂಡಿಸಲೂಬಾರದು. ಯಾವುದನ್ನು ಕೇಳಿದ್ದೇವೆ ಎಂದು ಪ್ರಶ್ನೆ ಹಾಕಿದವರೇ ಯಂತ್ರಕ್ಕೆ ತಿಳಿಸಬೇಕು.

ಸಾರ್ಥಕ ಅಂಕಿಗಳ, ಅಂದರೆ ಅಳತೆಯಲ್ಲಿ ನಂಬಬಹುದಾದ ಅಂಕಿಗಳ ಬಗ್ಗೆ ಒಂದೇ ಮಾತು. 2.50 ಎಂದು ಬರೆದವಳು 2.5 ಎಂದು ಬರೆದವಳಿಗಿಂತ ಹೆಚ್ಚು ಹೇಳುತ್ತಿದ್ದಾಳೆ. ಕಂಪ್ಯೂಟರು ಅದನ್ನು ಸಂಖ್ಯೆಯಾಗಿ ಬದಲಿಸಿದ ಕ್ಷಣವೇ ಕೊನೆಯ ಸೊನ್ನೆ ಮಾಯ. ಸಾರ್ಥಕ ಅಂಕಿಗೆ ಅಂಕ ಕೊಡುವುದಿದ್ದರೆ ಅವಳು ಟೈಪ್ ಮಾಡಿದ ಅಕ್ಷರಗಳ ಸಾಲನ್ನೇ ಎಣಿಸಬೇಕು.

ಕಂಪ್ಯೂಟರಿನ ಒಳಗಿನ ಲೆಕ್ಕವೂ ಅಷ್ಟು ಶುದ್ಧವಲ್ಲ. 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಎನ್ನುತ್ತದೆ, ಯಾಕೆಂದರೆ ಎರಡರ ಘಾತಗಳಲ್ಲಿ 0.1 ಅನ್ನು ಪೂರ್ತಿಯಾಗಿ ಬರೆಯಲು ಬರುವುದಿಲ್ಲ. ಆದ್ದರಿಂದ ಆಚೀಚೆ ಸೊನ್ನೆ ಇಟ್ಟರೆ ಕೆಲವೊಮ್ಮೆ ಸ್ವತಃ ಮೇಷ್ಟ್ರ ಉತ್ತರವೇ ತಪ್ಪಾಗುತ್ತದೆ.

ದೊಡ್ಡ ಪರೀಕ್ಷೆಗಳ ಜಾಣತನ

ಸಿಇಟಿಯಲ್ಲಿ ಈ ತಲೆನೋವೇ ಇಲ್ಲ, ನಾಲ್ಕರಲ್ಲಿ ಒಂದು ಆರಿಸಿದರಾಯಿತು. ಜೆಇಇ ಮೈನ್ 2020ರಲ್ಲಿ ಸಂಖ್ಯೆಯನ್ನೇ ಬರೆಯುವ ಪ್ರಶ್ನೆ ತಂದಿತು, ಮರುವರ್ಷದಿಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರಲು ಹೇಳಿತು. ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲಿನ ಕೀಲಿಮಣೆಯಿಂದ ಸಂಖ್ಯೆ ಒತ್ತಬೇಕು, ಕೀ ಉತ್ತರದಲ್ಲಿ 'ಇಷ್ಟರಿಂದ ಇಷ್ಟರ ತನಕ' ಎಂದು ವ್ಯಾಪ್ತಿ ಕೊಟ್ಟಿರುತ್ತಾರೆ. ಎರಡೂ ಕಡೆ ಏಕಮಾನವನ್ನು ಪ್ರಶ್ನೆಯಲ್ಲೇ ಅಚ್ಚು ಹಾಕಿ, ಮಕ್ಕಳ ಕೈಯಿಂದ ಅದನ್ನು ತೆಗೆದುಬಿಟ್ಟಿದ್ದಾರೆ. ಲಕ್ಷಗಟ್ಟಲೆ ಮಂದಿ ಬರೆಯುವ, ಒಂದು ಅಂಕಕ್ಕೆ ಕೋರ್ಟಿಗೆ ಹೋಗುವ ಪರೀಕ್ಷೆಯಲ್ಲಿ ಅದು ವಿವೇಕ. ತರಗತಿಯ ಕ್ವಿಜ್‌ನಲ್ಲಿ ಹಾಗೆ ಮಾಡಿದರೆ ಕಲಿಸಬೇಕಾದ ಅರ್ಧ ವಿಷಯವನ್ನೇ ಬಿಟ್ಟ ಹಾಗೆ.

ತಪ್ಪಿನ ಸಹಿ

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು, ಹೆಚ್ಚಿನ ಕ್ವಿಜ್‌ಗಳು ಮುಟ್ಟಲೂ ಹೋಗದ ಭಾಗವೂ ಹೌದು. ತಪ್ಪು ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ ನೋಡಿ. ಬರುವ ಸಂಖ್ಯೆ ಹೆಚ್ಚು ಕಡಿಮೆ ಸಹಿ ಹಾಕಿದ ಹಾಗೆ ಇರುತ್ತದೆ.

2023.4 ಬರೆದ ಹುಡುಗನದ್ದು ಹತ್ತನೇ ಒಂದು. 100 ಮಿಲಿಮೀಟರ್ ಎಂದರೆ ಒಂದು ಸೆಂಟಿಮೀಟರ್ ಎಂದು ತಿಳಿದಿದ್ದಾನೆ. 217800 ಬರೆದವಳದ್ದು 10.76. ಹತ್ತು ಅಲ್ಲ, 10.76. ಒಂದು ಚದರ ಮೀಟರಿಗೆ ಅಷ್ಟೇ ಚದರ ಅಡಿ! ಅವಳು 2,178 ಚದರ ಅಡಿಯನ್ನು ಹಾಗೇ ಚದರ ಮೀಟರ್ ಎಂದು ಬಳಸಿದ್ದಾಳೆ. ಇಬ್ಬರ ಉತ್ತರ ಪುಸ್ತಕವನ್ನೂ ನೋಡದೆ ಎಲ್ಲಿ ಎಡವಿದರು ಎಂದು ಹೇಳಬಹುದು. 3.6 ಬಂದರೆ ಗಂಟೆಗೆ ಕಿಲೋಮೀಟರ್ ಅನ್ನು ಬದಲಿಸಿಲ್ಲ. 57.3 ಬಂದರೆ ಕ್ಯಾಲ್ಕುಲೇಟರಿನಲ್ಲಿ ಡಿಗ್ರಿ-ರೇಡಿಯನ್ ಗೊಂದಲ. 9.8 ಬಂದರೆ ರಾಶಿಗೂ ತೂಕಕ್ಕೂ ಅದಲು ಬದಲು. ಎರಡು ಬಂದರೆ ಹೆಚ್ಚಿನ ಸಲ ತ್ರಿಜ್ಯದ ಜಾಗದಲ್ಲಿ ವ್ಯಾಸ. ಹೆಚ್ಚಿನ ಸಲ ಎಂದೆ, ಎಲ್ಲ ಸಲ ಅಲ್ಲ, ಎರಡು ಬರಲು ಬೇರೆ ಹತ್ತು ದಾರಿ ಉಂಟು. ಅದಕ್ಕೇ ಯಂತ್ರದ ಟಿಪ್ಪಣಿ ತೀರ್ಪಿನಂತೆ ಇರಬಾರದು, 'ಅಡಿಯನ್ನು ಮೀಟರಿಗೆ ತಂದೆಯಾ, ಒಮ್ಮೆ ನೋಡು' ಎನ್ನುವ ಹಾಗೆ ಇರಬೇಕು.

ಈ ಸಹಿಯ ಒಂದು ದುಬಾರಿ ಉದಾಹರಣೆ ಆಕಾಶದಲ್ಲಿ ಸಿಕ್ಕಿತ್ತು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೀಟರನ್ನು ತೂಕಕ್ಕೆ ತರಲು 0.803ರಿಂದ ಗುಣಿಸಬೇಕಾದಲ್ಲಿ 1.77 ಬಳಸಿದರು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 2.2, ಒಂದು ಕಿಲೋಗೆ ಇರುವ ಪೌಂಡುಗಳು. ಹಾಳೆಯಲ್ಲಿ 1.77 ಎಂದಷ್ಟೇ ಇತ್ತು, ಲೀಟರಿಗೆ ಎಷ್ಟು ಏನು ಎಂದು ಯಾರೂ ಕೇಳಲಿಲ್ಲ. ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹಾರಿದ ವಿಮಾನದ ಎರಡೂ ಎಂಜಿನ್ ನಡುದಾರಿಯಲ್ಲಿ ನಿಂತವು. ಪೈಲಟ್‌ಗಳು ಅದನ್ನು ತೇಲಿಸುತ್ತಾ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ.

ಅಂಕ ಹಂಚುವುದು

ಕೈಯಲ್ಲಿ ತಿದ್ದುವಾಗ ಏಕಮಾನ ಬರೆಯದವರಿಗೆ ಅರ್ಧ ಅಂಕ ಕಡಿಯುವುದು ನಮ್ಮಲ್ಲಿನ ವಾಡಿಕೆ. ಮೂಡಲ್‌ನಲ್ಲಿ ಇದಕ್ಕೆ ಜಾಗ ಉಂಟು. 2002ರಲ್ಲಿ ಮಾರ್ಟಿನ್ ಡೂಗಿಯಾಮಸ್ ಹೊರತಂದ, ಆನ್‌ಲೈನ್ ಪಾಠ ಮತ್ತು ಕ್ವಿಜ್ ನಡೆಸುವ ಈ ಮುಕ್ತ ತಂತ್ರಾಂಶದ ಸಂಖ್ಯಾ ಪ್ರಶ್ನೆಯಲ್ಲಿ ಉತ್ತರದ ಪಕ್ಕ ಆಚೀಚೆಯ ಅಳತೆ ಬರೆಯಬಹುದು, ಏಕಮಾನಗಳನ್ನು ಗುಣಕದ ಜೊತೆ ಪಟ್ಟಿ ಮಾಡಬಹುದು, ಏಕಮಾನ ತಪ್ಪಿದರೆ ಎಷ್ಟು ಕಡಿಯಬೇಕು ಎಂದೂ ಹೇಳಬಹುದು. ಏಕಮಾನದ ಹೆಸರನ್ನು ನಾವೇ ಬರೆಯುವುದರಿಂದ 'ಲೀ', 'ಲೀಟರ್', 'ಘನ ಮೀಟರ್' ಮೂರನ್ನೂ ಸೇರಿಸಲು ಅಡ್ಡಿಯಿಲ್ಲ. ಸೌಲಭ್ಯ ಇದೆ, ತುಂಬಿಸುವ ತಾಳ್ಮೆ ನಮಗಿಲ್ಲ. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿಯುತ್ತದೆ.

ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವ ಪ್ರಶ್ನೆಗಳಲ್ಲಿ ಮಾತ್ರ ಇನ್ನಷ್ಟು ಕೆಲಸ ಬೇಕು. 'ಎ' ಭಾಗದಲ್ಲಿ ಎಡವಿದವನು 'ಬಿ' ಭಾಗವನ್ನು ತನ್ನದೇ ತಪ್ಪು ಸಂಖ್ಯೆಯಿಂದ ಸರಿಯಾಗಿ ಮಾಡಿದ್ದರೆ ಕೆಂಪು ಪೆನ್ನು ಅವನಿಗೆ ಅಂಕ ಕೊಡುತ್ತದೆ. ಯಂತ್ರವೂ ಅವನ 'ಎ' ಉತ್ತರವನ್ನೇ ಹಿಡಿದು 'ಬಿ' ಎಷ್ಟಾಗಬೇಕಿತ್ತು ಎಂದು ಮತ್ತೆ ಲೆಕ್ಕ ಹಾಕಬೇಕು. ಸ್ಟ್ಯಾಕ್‌ನಲ್ಲಿ ಇದನ್ನು ಬರೆಯಬಹುದು.

ಈ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಹಾಕಿದ್ದೇನೆ. 'ಒಂದು ಸೆಂಟ್ಸ್ = 40.47 ಚದರ ಮೀಟರ್' ಎಂದು ಪ್ರಶ್ನೆಯಲ್ಲೇ ಕೊಟ್ಟಿದ್ದೇನೆ, ಆಚೀಚೆ ಶೇ. 2. ಏಕಮಾನಕ್ಕೆ ಬೇರೆ ಚೌಕ, ಇಲ್ಲದಿದ್ದರೆ ಅರ್ಧ ಅಂಕ ಕಡಿತ. 1/10ಕ್ಕೂ 10.76ಕ್ಕೂ ಒಂದೊಂದು ಟಿಪ್ಪಣಿ. ಏಕಮಾನವಿಲ್ಲದ '20.2' ಮಾತ್ರ ಇನ್ನೂ ನನ್ನ ಮೇಜಿಗೇ ಬರುತ್ತದೆ. ಘನ ಮೀಟರ್ ಎಂದು ಮನಸ್ಸಿನಲ್ಲಿಟ್ಟು ಬರೆದನೋ, ಸಾವಿರ ಎಂಬುದು ಬಿಟ್ಟುಹೋಯಿತೋ, ಕರೆದು ಕೇಳುತ್ತೇನೆ. ಮೊನ್ನೆ ಹಾಗೆ ಕರೆದಾಗ ಬಂದವಳು ಉತ್ತರ ಹೇಳುವ ಬದಲು ನನ್ನನ್ನೇ ಕೇಳಿದಳು: "ಸರ್, ಐದು ಸೆಂಟ್ಸಿನಲ್ಲಿ ಮನೆಯೂ ಉಂಟಲ್ಲ? ಮಾಡಿನ ನೀರು ರಸ್ತೆಗೆ ಹೋದರೆ ಅದನ್ನೂ ಲೆಕ್ಕಕ್ಕೆ ಹಿಡಿಬೇಕಾ?"